ಅತ್ತಿಗುಡ್ಡಕ್ಕೆ ಹೋದ ಮುಕ್ಕಾಲಿ

ನಾನು ಒಂದು ಮುಕ್ಕಾಲಿ. ಅಂಗಡಿಯವರ ಬಾಯಲ್ಲಿ ಟ್ರೈಪಾಡ್, ಕಲ್ಯಾಣ ಮಂಟಪದವರ ಬಾಯಲ್ಲಿ ಸ್ಟ್ಯಾಂಡು. ಕ್ಯಾಮೆರಾವನ್ನು ತಲೆಯ ಮೇಲೆ ಹೊತ್ತುಕೊಂಡು ಅಲುಗಾಡದೆ ನಿಲ್ಲುವುದಷ್ಟೇ ನನ್ನ ಕೆಲಸ. ಚಿತ್ರ ಚೆನ್ನಾಗಿ ಬಂದರೆ ಎಂಥ ಕ್ಯಾಮೆರಾ ಎನ್ನುತ್ತಾರೆ, ಮಸುಕಾದರೆ ಸ್ಟ್ಯಾಂಡು ಅಲುಗಿತು ಎನ್ನುತ್ತಾರೆ. ಈ ಅನ್ಯಾಯಕ್ಕೆ ನಾನು ಎಂದೋ ಒಗ್ಗಿಹೋದೆ.

ಹುಟ್ಟುವಾಗಲೇ ಪೆಟ್ಟು ತಿಂದವನು ನಾನು. ಅಲ್ಯೂಮಿನಿಯಂ ಕಾಯಿಸಿ, ಅಚ್ಚಿನ ಬಾಯಿಂದ ಕೊಳವೆ ಮಾಡಿ ಎಳೆದು, ಗರಗಸದಲ್ಲಿ ಕತ್ತರಿಸಿ, ಮೈತುಂಬ ತೂತು ಕೊರೆದು ಸ್ಕ್ರೂ ಬಿಗಿದರು. ಮೂರೂ ಕಾಲುಗಳ ತುದಿಗೆ ಒಂದೊಂದು ಉಕ್ಕಿನ ಮೊಳೆ ಕೂರಿಸಿ, ಅದರ ಮೇಲೆ ರಬ್ಬರ್ ಟೊಪ್ಪಿ ತೊಡಿಸಿದರು. ನೆಲ ಮೆತ್ತಗಿದ್ದರೆ ಟೊಪ್ಪಿ ಬಿಚ್ಚಿ, ಮೊಳೆಯನ್ನು ಮಣ್ಣಿಗೆ ಚುಚ್ಚಿ ನಿಲ್ಲಿಸಬಹುದು.

ನನ್ನನ್ನು ಮೊದಲು ಕೊಂಡವರು ಸಕಲೇಶಪುರದಲ್ಲಿ ಸ್ಟುಡಿಯೋ ಇಟ್ಟಿದ್ದ ಶಿವನಂಜಪ್ಪನವರು. ಅವರಿಗೆ ಮದುವೆಯ ಫೋಟೋ ಒಂದು ಕಸುಬು, ಹೆಣದ ಫೋಟೋ ಇನ್ನೊಂದು. ಘಾಟಿ ರಸ್ತೆಯಲ್ಲಿ ಲಾರಿ ಉರುಳಿದರೆ ಪೊಲೀಸರು ಅವರಿಗೇ ಹೇಳಿಕಳಿಸುತ್ತಿದ್ದರು. ಬೆಳಿಗ್ಗೆ ಧಾರೆಯ ಮುಂದೆ ನಿಂತ ಕಾಲಲ್ಲೇ ಮಧ್ಯಾಹ್ನ ರಕ್ತದ ಮಡುವಿನಲ್ಲಿ ನಿಲ್ಲುತ್ತಿದ್ದೆ. ಒಂದು ಮದುವೆಯಲ್ಲಂತೂ ಗಂಡಿನ ಕಡೆಯವರಿಗೆ ಎರಡನೇ ಪಂಕ್ತಿಯಲ್ಲಿ ಎಲೆ ಹಾಕಿದರೆಂದು ಜಗಳ ಹತ್ತಿತು. ಯಾರೋ ಒಬ್ಬ ನನ್ನನ್ನು ಕಿತ್ತುಕೊಂಡು ಹೆಣ್ಣಿನ ಸೋದರಮಾವನ ಬೆನ್ನಿಗೆ ಬಾರಿಸಿದ. ಮನುಷ್ಯರ ಕೈಯಲ್ಲಿ ಏನಿದ್ದರೂ ಅದು ಬಡಿಯುವುದಕ್ಕೂ ಬರುತ್ತದೆ ಎಂದು ನನಗೆ ತಿಳಿದದ್ದು ಆಗಲೇ.

ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಶಿವನಂಜಪ್ಪನವರು ಬಾಗಿಲು ಹಾಕಿದರು. ಹೋಗುವಾಗ ನನ್ನನ್ನು ಐರಿನ್ ಟೀಚರಿಗೆ ಕೊಟ್ಟರು. ಅವರು ಮೂಡಬಿದಿರೆ ಕಡೆಯವರು, ಇಲ್ಲಿನ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದರು. ಮದುವೆಯಿಲ್ಲ, ಮಕ್ಕಳಿಲ್ಲ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಒಬ್ಬರೇ ಕಾಡು ಹತ್ತಿ ಅಣಬೆ, ಹಾವಸೆಗಳ ಫೋಟೋ ತೆಗೆಯುವುದು ಅವರ ಹುಚ್ಚು. ಸ್ಟಾಫ್ ರೂಮಿನಲ್ಲಿ ಅವರಿಗೆ ನಾಯಿಕೊಡೆ ಟೀಚರ್ ಎಂದೇ ಹೆಸರು. ಅವರಿಗೂ ಅದು ಗೊತ್ತಿತ್ತು, ನಗುತ್ತಿದ್ದರು.

ನನ್ನ ಬಾಳಿನ ಒಳ್ಳೆಯ ದಿನಗಳು ಅವೇ. ಅಣಬೆ ಇರುವುದು ಗೇಣುದ್ದ, ಹಾವಸೆ ಇರುವುದು ಬೆರಳ ದಪ್ಪ. ಅದಕ್ಕೆ ಅವರು ನನ್ನ ಕಾಲುಗಳನ್ನು ಅಗಲಿಸಿ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿಸಿ, ತಾವೂ ಪಕ್ಕದಲ್ಲಿ ಕವುಚಿ ಮಲಗುತ್ತಿದ್ದರು. ಕೊಳೆತ ದಿಮ್ಮಿಯ ಮೇಲೆ ಸಾಲಾಗಿ ಎದ್ದ ಅಣಬೆಗಳ ಅಡಿಯ ಗೀರುಗಳು, ಹಾವಸೆಯ ತುದಿಯಲ್ಲಿ ನಿಂತ ಹನಿ, ಆ ಹನಿಯಲ್ಲಿ ತಲೆಕೆಳಗಾದ ಕಾಡು, ಇದೆಲ್ಲ ನನಗೂ ಕಂಡಿತು. ಕತ್ತಲೆಯ ಕಾಡಿನಲ್ಲಿ ಬೆಳಕು ಸಾಲದೆ ಕ್ಯಾಮೆರಾ ಕಣ್ಣನ್ನು ಬಹಳ ಹೊತ್ತು ತೆರೆದಿಡಬೇಕಾಗುತ್ತಿತ್ತು. ಅಷ್ಟು ಹೊತ್ತೂ ಟೀಚರು ಉಸಿರು ಬಿಗಿಹಿಡಿಯುತ್ತಿದ್ದರು. "ಗಟ್ಟಿ ನಿಲ್ಲು ಮಾರಾಯ" ಎಂದು ನನಗೂ ಹೇಳುತ್ತಿದ್ದರು. ನನ್ನನ್ನು ಮಾತಾಡಿಸಿದವರು ಅವರೊಬ್ಬರೇ.

ಒಂದು ಮಳೆಗಾಲ ಮುಗಿಯುತ್ತ ಬಂದಾಗ ನಾವು ಅತ್ತಿಗುಡ್ಡ ಹತ್ತಿದೆವು. ಹಲವು ವರ್ಷಗಳಿಂದ ಅವರು ಹುಡುಕುತ್ತಿದ್ದ ಅಣಬೆಯೊಂದಿತ್ತು. ಬಿಳಿ ಬಲೆಯ ಲಂಗ ತೊಟ್ಟಂತೆ ಇರುತ್ತದೆ, ಬೆಳಿಗ್ಗೆ ಎದ್ದು ಮಧ್ಯಾಹ್ನದೊಳಗೆ ಕುಸಿಯುತ್ತದೆ, ಹತ್ತಿರ ಹೋದರೆ ಸತ್ತ ಇಲಿಯ ನಾತ. ಹಳ್ಳದ ಅಂಚಿನ ಬಿದಿರು ಮೆಳೆಯಡಿ ಅದು ಸಿಕ್ಕೇಬಿಟ್ಟಿತು. ಟೀಚರು ನನ್ನ ರಬ್ಬರ್ ಟೊಪ್ಪಿಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಮೊಳೆಗಳನ್ನು ಕೆಸರಿಗೆ ಚುಚ್ಚಿ, ಕಂದು ರೇನ್‌ಕೋಟಿನಲ್ಲಿ ಉದ್ದಕ್ಕೆ ಮಲಗಿದರು. ಗುಂಡಿ ಒತ್ತಿ ಉಸಿರು ಹಿಡಿದರು.

ಆಗ ಮೇಲಿನಿಂದ "ಕೂ" ಎಂಬ ಸದ್ದು ಬಂತು. ಆ ಕಡೆಯ ಕಾಡಿನಲ್ಲಿ ಅದೊಂದು ಕಟ್ಟಳೆ. ಮೆಳೆ ಅಲುಗಿದರೆ ಕೋವಿಯವನು ಮೊದಲು ಕೂ ಹಾಕಬೇಕು. ಒಳಗಿರುವುದು ಮನುಷ್ಯನಾದರೆ ಅವನೂ ಕೂ ಎಂದು ಓಗೊಡಬೇಕು. ಓಗೊಡದೆ ಇದ್ದದ್ದು ಹಂದಿ. ಕರಾವಳಿಯ ಟೀಚರಿಗೆ ಇದು ತಿಳಿಯದು. ಯಾರೋ ಸೌದೆಯವರು ಅಂದುಕೊಂಡಿರಬೇಕು. ಕ್ಯಾಮೆರಾ ಕಣ್ಣು ಮುಚ್ಚುವವರೆಗೆ ಅವರು ತುಟಿ ಬಿಚ್ಚಲಿಲ್ಲ.

ಸೀಸದ ಗುಂಡುಗಳು ಮೆಳೆಯನ್ನು ಹರಿದುಕೊಂಡು ಬಂದವು. ಕ್ಯಾಮೆರಾ ನನ್ನ ತಲೆಯ ಮೇಲೇ ಪುಡಿಪುಡಿಯಾಯಿತು. ನನ್ನ ಒಂದು ಕಾಲು ಮಂಡಿಯ ಕೆಳಗೆ ಕತ್ತರಿಸಿ ಹೋಯಿತು. ಟೀಚರ ತೊಡೆಯಿಂದ ರಕ್ತ ಚಿಮ್ಮಿ ಅಣಬೆಯ ಬಿಳಿ ಲಂಗದ ಮೇಲೆ ಬಿತ್ತು. ಅವರು ಕಿರುಚಲಿಲ್ಲ. ಮುಖವನ್ನು ಕೆಸರಿಗೆ ಒತ್ತಿಕೊಂಡು ಪ್ರಾಣಿಯ ಹಾಗೆ ನರಳಿದರು.

ಇಬ್ಬರು ಓಡಿಬಂದರು. ಕೋವಿ ಹಿಡಿದವನು ಕಾಂತರಾಜು. ಜೊತೆಗಿದ್ದವನು ಅವನ ಅಕ್ಕನ ಗಂಡ ಧರ್ಮಯ್ಯ, ವಯಸ್ಸಾದವನು, ತಲೆಗೆ ಟವೆಲ್ಲು ಸುತ್ತಿದ್ದ.

"ಹೆಂಗ್ಸು ಕಣ್ ಭಾವ," ಕಾಂತರಾಜು ಹೇಳಿದ. "ಕೂ ಹಾಕ್ದೆ, ಓಗೊಡ್ಲಿಲ್ಲ. ಹಂದಿ ಅನ್ಕಂಡೆ."

ಕಾಂತರಾಜು ಸುತ್ತ ನೋಡಿ ದನಿ ತಗ್ಗಿಸಿದ. "ಭಾವ, ಬೇಟೆ ಕೇಸು, ಮೇಲೆ ಕೊಲೆ ಕೇಸು. ಜೀವ್ಮಾನ ಜೈಲೇ. ಹಳ್ಳಕ್ಕೆ ತಳ್ಬಿಡನ. ಜಾರಿ ಬಿದ್ಲು ಅಂತಾರೆ."

"ಬಾಯ್ಮುಚ್ಚು. ಮೊದ್ಲು ಕಟ್ಟಾಕ್ತೀನಿ. ಮಿಕ್ಕಿದ್ದು ಆಮೇಲೆ."

ಇಷ್ಟೇ ಮಾತು. ಆ ಸೀಮೆಯವರ ಬಾಯಲ್ಲಿ ಗಾಯಕ್ಕೆ ಕಟ್ಟು ಹಾಕುವುದೂ ಕಟ್ಟಾಕುವುದೇ, ಕಳ್ಳನನ್ನು ಕಂಬಕ್ಕೆ ಕಟ್ಟಿ ಹಾಕುವುದೂ ಕಟ್ಟಾಕುವುದೇ. ನಡುವಿನ ಒಂದು ಅಕ್ಷರವನ್ನು ನಾಲಿಗೆ ನುಂಗಿಬಿಡುತ್ತದೆ. ಹಳ್ಳಕ್ಕೆ ತಳ್ಳುವ ಮಾತು ಆಗಷ್ಟೇ ಕಿವಿಗೆ ಬಿದ್ದ ಹೆಂಗಸಿಗೆ ಯಾವುದು ಕೇಳಿಸುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಧರ್ಮಯ್ಯ ತಲೆಯ ಟವೆಲ್ಲು ಬಿಚ್ಚಿಕೊಂಡು ಅವರ ಹಿಂದೆ ಮಂಡಿಯೂರಿದ. ನಾನು ಅಲ್ಲೇ ಅಂಗಾತ ಬಿದ್ದಿದ್ದೆ, ನನಗೆ ಎಲ್ಲವೂ ಕಾಣುತ್ತಿತ್ತು. ಅವನು ಟವೆಲ್ಲನ್ನು ಉದ್ದಕ್ಕೆ ಮಡಿಸಿ, ಒಂದು ಅಂಗೈಯನ್ನು ಗಾಯದ ಮೇಲುಗಡೆ ಮೆತ್ತಗೆ ಇಟ್ಟ. ಎಳೆಗರುವಿನ ಮೈಮೇಲೆ ಇಡುವ ಹಾಗೆ ಇಟ್ಟ. ಟೀಚರು ಕವುಚಿ ಮಲಗಿದ್ದರು, ಅವರಿಗೆ ಗೊತ್ತಾದದ್ದು ಮೈಮೇಲೆ ಗಂಡಸಿನ ಕೈ ಬಿತ್ತೆಂದು ಮಾತ್ರ. ಅವರ ಬೆರಳು ನನ್ನನ್ನು ತಡಕಿ ಹಿಡಿಯಿತು. ಬೇಡ ಎನ್ನಲು ನನಗೆ ಬಾಯಿಲ್ಲ.

ತಿರುಗಿ ಬೀಸಿದರು. ನನ್ನ ಕಾಲಿನ ಮೊಳೆ ಧರ್ಮಯ್ಯನ ಕಿವಿಯ ಮುಂದೆ ಇಳಿಯಿತು. ಮೂಳೆ ಮುರಿದ ಸದ್ದು ನನ್ನ ಕೊಳವೆಯೊಳಗೆ ಹರಿದು ಬಂತು. ಅವರು ನನ್ನನ್ನು ಎಳೆದುಕೊಂಡು ಮತ್ತೆ ಹೊಡೆದರು, ಈ ಸಲ ಬಾಯಿಗೆ. ಧರ್ಮಯ್ಯ ಎರಡೂ ಕೈ ಮೇಲೆತ್ತಿ ಏನೋ ಹೇಳಲು ಹೋದ, ಹಲ್ಲು ಮತ್ತು ರಕ್ತ ಬಂತು, ಹಿಂದಕ್ಕೆ ಉರುಳಿ ಹಳ್ಳಕ್ಕೆ ಬಿದ್ದ. ಟವೆಲ್ಲು ಮಾತ್ರ ಮೇಲೆ ಉಳಿಯಿತು.

ಕಾಂತರಾಜುವಿನದು ಒಂಟಿ ನಳಿಗೆಯ ಕೋವಿ, ಮತ್ತೆ ತುಂಬಲು ಅವನಿಗೆ ವ್ಯವಧಾನವೆಲ್ಲಿ. ಅದನ್ನೇ ತಿರುಗಿಸಿ ಹಿಡಿದು ಹಿಡಿಕೆಯಿಂದ ಬಡಿದ. ಟೀಚರ ಹೆಗಲ ಮೂಳೆ ಮುರಿಯಿತು. ಅವರು ನನ್ನನ್ನು ಅಡ್ಡ ಹಿಡಿದರು, ಎರಡನೇ ಪೆಟ್ಟು ನನ್ನ ನಡುವಿಗೆ ಬಿದ್ದು ನಾನು ಸೊಟ್ಟಗಾದೆ. ಮೂರನೆಯದಕ್ಕೆ ಕೈಯೆತ್ತಿದಾಗ ಹಳ್ಳದಿಂದ ಸಣ್ಣಗೆ "ಕೂ" ಎಂದು ಕೇಳಿಸಿತು. ಕಾಂತರಾಜು ಕೋವಿ ಎಸೆದು "ಭಾವ" ಎನ್ನುತ್ತ ಕೆಳಕ್ಕೆ ಜಾರಿದ. ಅವನನ್ನು ಬೆನ್ನ ಮೇಲೆ ಹೊತ್ತು ಆ ಕಡೆಯ ದಾರಿ ಹಿಡಿದ. ರಸ್ತೆ ಸಿಗುವ ಮುಂಚೆಯೇ ಧರ್ಮಯ್ಯನ ಜೀವ ಹೋಯಿತಂತೆ.

ಟೀಚರು ಬಿದ್ದಿದ್ದ ಟವೆಲ್ಲನ್ನೆತ್ತಿ ತಮ್ಮ ತೊಡೆಗೆ ತಾವೇ ಬಿಗಿದುಕೊಂಡರು. ನನ್ನ ಉಳಿದ ಎರಡು ಕಾಲುಗಳ ಮೇಲೆ ಭಾರ ಹಾಕಿ, ಏಳುತ್ತ ಬೀಳುತ್ತ ಕಾಫಿ ತೋಟದ ಜೀಪು ದಾರಿಗೆ ಬಂದು ಬಿದ್ದರು. ಅಲ್ಲಿ ತೋಟದವರು ಕಂಡು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋದರು.

ಆಮೇಲೆ ನಾನು ಮುದ್ದೆಮಾಲು. ಹಾಗೆಂದರೆ ಕೇಸು ಮುಗಿಯುವವರೆಗೆ ಕೋರ್ಟಿನ ಕೋಣೆಯಲ್ಲಿ ಕೊಳೆಯುವ ವಸ್ತು. ಕೋವಿಯನ್ನೂ ಟವೆಲ್ಲನ್ನೂ ನನ್ನನ್ನೂ ಒಂದೇ ಗೋಣಿಯಲ್ಲಿ ಸುತ್ತಿದರು. ನನ್ನ ಕೊರಳಿಗೆ ಕಟ್ಟಿದ ಚೀಟಿಯಲ್ಲಿ ‘ಫಿರ್ಯಾದಿಯು ಪ್ರಾಣ ಉಳಿಸಿಕೊಳ್ಳಲು ಬಳಸಿದ ಸ್ಟ್ಯಾಂಡ್’ ಎಂದಿತ್ತು. ವಿಚಾರಣೆ ನಡೆದಾಗಲೆಲ್ಲ ನಮ್ಮನ್ನು ಮೇಜಿನ ಮೇಲೆ ಇಡುತ್ತಿದ್ದರು.

ಟೀಚರು ಕುಂಟುತ್ತ ಕಟಕಟೆ ಹತ್ತಿ, ಇಬ್ಬರೂ ಸೇರಿ ತನ್ನನ್ನು ಕೊಲ್ಲಲು ನೋಡಿದರು, ಮುದುಕ ಕಟ್ಟಿ ಹಾಕುತ್ತೇನೆ ಎಂದ, ಅದಕ್ಕೇ ಹೊಡೆದೆ ಎಂದರು. ಅವರು ಸುಳ್ಳು ಹೇಳಲಿಲ್ಲ. ಕೇಳಿಸಿದ್ದನ್ನು ಹೇಳಿದರು. ಹೇಳಿಕೆ ಟೈಪು ಮಾಡುತ್ತಿದ್ದ ಬೆರಳಚ್ಚುಗಾರ ‘ಕಟ್ಟಿ’ ಎಂದು ಒತ್ತಿದ. ಭಾವ ಕಟ್ಟು ಹಾಕಲು ಹೋಗಿದ್ದ ಎಂದು ಕಾಂತರಾಜು ಬಡಿದುಕೊಂಡ. ಕೋವಿ ಹಿಡಿದವನ ಮಾತನ್ನು ಯಾರು ನಂಬುತ್ತಾರೆ. ಸತ್ತ ಧರ್ಮಯ್ಯನ ಹೆಸರು ಕೊಲೆಗೆ ಸಂಚು ಮಾಡಿದವರ ಪಟ್ಟಿಯಲ್ಲೇ ಉಳಿಯಿತು. ಅಷ್ಟು ದೊಡ್ಡ ಕೋಣೆಯಲ್ಲಿ ಕಾಂತರಾಜುವನ್ನು ಬಿಟ್ಟರೆ ಕಣ್ಣಾರೆ ಕಂಡವನು ನಾನೊಬ್ಬ, ಮೇಜಿನ ಮೇಲೆ ಸೊಟ್ಟಗೆ ಬಿದ್ದಿದ್ದೆ.

ಕೊನೆಗೆ ಧರ್ಮಯ್ಯನ ಹೆಂಡತಿ ಸಣ್ಣಮ್ಮ ಸಾಕ್ಷಿ ಹೇಳಲು ಬಂದಳು. ನಿಮ್ಮ ಯಜಮಾನರು ಎಂಥವರು ಎಂದು ಕಾಂತರಾಜುವಿನ ವಕೀಲರು ಕೇಳಿದರು.

"ಎಂಥೋರು ಅಂದ್ರೆ ಏನ್ ಹೇಳ್ಳಿ ಸ್ವಾಮಿ. ನಾಯಿ ಕಾಲು ಮುರೀಲಿ, ಮಕ್ಳ ಕೈ ಉಳುಕ್ಲಿ, ಊರೋರು ಇವ್ರನ್ನೇ ಕರೆಯೋರು. ಇವ್ರು ನಮ್ಮನೆ ಬಾಗ್ಲಲ್ಲೇ ಕೂತು, ‘ತತ್ತಾ ಇಲ್ಲಿ, ಕಟ್ಟಾಕ್ತೀನಿ’ ಅನ್ನೋರು. ನಂದೊಂದು ಹಳೆ ಸೀರೆ ಉಳೀಲಿಲ್ಲ, ಎಲ್ಲಾ ಹರ್ದು ಕಟ್ಟಾಕಕ್ಕೇ ಹೋಯ್ತು. ಈಗ ಊರಲ್ಲಿ ಕೊಲೆಗಾರನ ಹೆಂಡ್ತಿ ಅಂತಾರೆ. ನನ್ ಮಗ್ಳಿಗೆ ಗಂಡು ನೋಡಕ್ ಬಂದೋರು ಹೊಸ್ಲಾಚೆಯಿಂದ್ಲೇ ವಾಪಸ್ ಹೋದ್ರು."

ಹಿಂದಿನ ಬೆಂಚಿನಲ್ಲಿ ಕೂತಿದ್ದ ಐರಿನ್ ಟೀಚರು ಊರುಗೋಲು ಹಿಡಿದು ಎದ್ದು ನಿಂತದ್ದು ನನಗೆ ಕಾಣಿಸಿತು. ಅವರ ಮುಖ ಸುಣ್ಣದಂತಾಗಿತ್ತು.

"ನನಗೆ ಇನ್ನೊಮ್ಮೆ ಹೇಳ್ಲಿಕ್ಕುಂಟು ಸರ್," ಅವರು ನ್ಯಾಯಾಧೀಶರಿಗೆ ಹೇಳಿದರು.

ಸರ್ಕಾರಿ ವಕೀಲರು ಹತ್ತಿರ ಬಂದು ಪಿಸುಗುಟ್ಟಿದರು. "ಕೂತ್ಕೊಳ್ಳಿ ಟೀಚರ್. ಕೇಸು ನಿಮ್ಮ ಮೇಲೇ ತಿರುಗುತ್ತೆ."

"ತಿರುಗ್ಲಿ. ಅವರು ಹೇಳಿದ್ದು ಇದೇ ಮಾತು, ಇದೇ ರೀತಿ. ಕಟ್ಟಾಕ್ತೀನಿ ಅಂತ. ಅದಕ್ಕೆ ಇನ್ನೊಂದು ಅರ್ಥ ಉಂಟಂತ ನನಗೆ ಗೊತ್ತಿರ್ಲಿಲ್ಲ. ಅವರ ಕೈ ನನ್ನ ಕಾಲಿನ ಮೇಲೆ ಇತ್ತು, ಗಾಯದ ಮೇಲ್ಗಡೆ, ಎಲ್ಲಿ ಕಟ್ಬೇಕೋ ಅಲ್ಲೇ. ಕಟ್ಟು ಹಾಕ್ಲಿಕ್ಕೆ ಬಂದವರನ್ನು ನಾನು ಕೊಂದೆ."

ನ್ಯಾಯಾಧೀಶರು ಬೆರಳಚ್ಚುಗಾರನ ಕಡೆ ನೋಡಿದರು. ಅವನು ‘ಕಟ್ಟು’ ಎಂದು ಒತ್ತಿದ. ಸಣ್ಣಮ್ಮ ಕಟಕಟೆ ಇಳಿದು ಟೀಚರ ಎದುರಿಗೆ ನಿಂತಳು. ಹೊಡೆದೇಬಿಡುತ್ತಾಳೆ ಅಂದುಕೊಂಡೆ. "ನಮ್ ಮಾತು ತಿಳಿಯಾಕೆ ಇಷ್ಟು ದಿನ ಬೇಕಾಯ್ತೇನವ್ವ ನಿಮ್ಗೆ?" ಎಂದಳು.

ಗುಂಡು ಹಾರಿಸಿದ್ದಕ್ಕೂ ಬಡಿದದ್ದಕ್ಕೂ ಕಾಂತರಾಜುವಿಗೆ ಶಿಕ್ಷೆಯಾಯಿತು. ಧರ್ಮಯ್ಯ ನಿರ್ದೋಷಿ ಎಂದು ತೀರ್ಪಿನಲ್ಲಿ ಬರೆದರು. ಟೀಚರ ಮೇಲೆ ಬೇರೆ ಕೇಸು ಹೂಡಿದ್ದಾರೆ, ಅದಿನ್ನೂ ನಡೆಯುತ್ತಿದೆ. ಕೋವಿ ಸರ್ಕಾರದ ಪಾಲಾಯಿತು. ನಾನು ಅದೇ ಕೋಣೆಯಲ್ಲಿ ಉಳಿದಿದ್ದೇನೆ, ಕೊರಳಲ್ಲಿ ಹೊಸ ಚೀಟಿ: ‘ಆರೋಪಿಯು ಕೃತ್ಯಕ್ಕೆ ಬಳಸಿದ ಆಯುಧ’. ಇಲ್ಲಿ ಗೋಡೆಗೆ ತೇವ ಹತ್ತಿ ಹಾವಸೆ ಬೆಳೆದಿದೆ. ನೋಡುವವರಿಲ್ಲ.

ಟವೆಲ್ಲನ್ನು ವಾರಸುದಾರರಿಗೆ ಕೊಡಬೇಕೆಂದು ಆಜ್ಞೆಯಾದಾಗ ಸಣ್ಣಮ್ಮ ಬಂದಿದ್ದಳು. ಗುಮಾಸ್ತ ಗಂಟು ಬಿಚ್ಚಿ ಕೊಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದು, ಕಪ್ಪಗೆ ಗಡುಸಾದ ಜಾಗವನ್ನು ಮುಟ್ಟಿ ನೋಡಿದಳು.

"ಇದು ನಮ್ಮೋರ ರಕ್ತವಾ?"

"ಅಲ್ಲಮ್ಮ, ಆ ಟೀಚರ್ದು. ಅದನ್ನು ಕಟ್ಕೊಂಡೇ ಬದುಕಿದ್ದು ಅಂತ ಡಾಕ್ಟ್ರು ಬರ್ದಿದ್ದಾರೆ."

ಸಣ್ಣಮ್ಮ ಟವೆಲ್ಲನ್ನು ಉದ್ದಕ್ಕೆ ಮಡಿಸಿ ಸೆರಗಿನೊಳಗೆ ಇಟ್ಟುಕೊಂಡಳು.

"ಹಂಗಾರೆ ಅವ್ರು ಕಟ್ಟಾಕ್ದಂಗೇ ಆಯ್ತು," ಎಂದು ಹೊರಟುಹೋದಳು.