ನೀರಿನಲ್ಲಿ ಹಿಡಿಯುವ ಅಂಟು

ಅಪರ್ಣಾ ಹುಟ್ಟು ಸಸ್ಯಾಹಾರಿ. ಜಪಾನಿನ ಒಕಾಜಾಕಿಗೆ ಬಂದು ಐದು ವರ್ಷವಾದರೂ ಕೊಂಬಿನಿ ಅಂಗಡಿಯ ಅನ್ನದುಂಡೆಯನ್ನು ಹಿಂದೆ ಮುಂದೆ ತಿರುಗಿಸಿ, ಮೀನಿನ ಪುಡಿ ಇಲ್ಲವೆಂದು ಖಾತ್ರಿಯಾಗದೆ ಬಾಯಿಗೆ ಇಟ್ಟವಳಲ್ಲ. ಅಂಥವಳಿಗೆ ಅನ್ನ ಹಾಕುತ್ತಿದ್ದದ್ದು ಮಾತ್ರ ಪಚ್ಚಿಲೆ ಎಂಬ ಚಿಪ್ಪುಪ್ರಾಣಿ. ಸಮುದ್ರದ ಅಲೆ ಎಷ್ಟೇ ಅಪ್ಪಳಿಸಲಿ, ಪಚ್ಚಿಲೆ ತಾನು ಕಚ್ಚಿದ ಬಂಡೆಯನ್ನು ಬಿಡುವುದಿಲ್ಲ. ನೀರಿನಲ್ಲೇ ಹಿಡಿಯುವ ಅಂಟೊಂದು ಅದರ ಪಾದದಲ್ಲಿದೆ. ಆ ಅಂಟಿನ ಜೀವಾಳವೆಲ್ಲ ಇರುವುದು ಪೆಪ್ಟೈಡುಗಳಲ್ಲಿ. ಅಮೈನೋ ಆಮ್ಲಗಳನ್ನು ಹೂ ಕಟ್ಟಿದ ಹಾಗೆ ಒಂದರ ಪಕ್ಕ ಒಂದು ಸೇರಿಸಿದ ಪುಟ್ಟ ಸರಗಳಲ್ಲಿ. ಅಂಥ ಸರಗಳನ್ನು ಪ್ರಯೋಗಾಲಯದಲ್ಲಿ ಕಟ್ಟುವುದು ಅಪರ್ಣಾಳ ಕೆಲಸ.

ಯಾಕೆ ಕಟ್ಟುತ್ತೀಯಮ್ಮ ಎಂದು ಕೇಳಿದವರಿಗೆಲ್ಲ ಅವಳು ಒಂದೇ ಉತ್ತರ ಕೊಡುತ್ತಿದ್ದಳು. ಬಸುರಿಯ ಹೊಟ್ಟೆಯೊಳಗೆ ಮಗುವನ್ನು ಸುತ್ತಿಕೊಂಡಿರುವ ನೀರಿನ ಚೀಲ ದಿನ ತುಂಬುವ ಮೊದಲೇ ಒಡೆದುಬಿಟ್ಟರೆ, ಅದಕ್ಕೆ ಹೊಲಿಗೆ ಹಾಕಲಾಗುವುದಿಲ್ಲ, ಒರೆಸಿ ಒಣಗಿಸಲಾಗುವುದಿಲ್ಲ. ಒದ್ದೆಯಲ್ಲೇ ಹಿಡಿಯುವ ಅಂಟು ಸಿಕ್ಕರೆ ಎಷ್ಟೋ ಮಕ್ಕಳು ಉಳಿದಾವು. ಸಂಶೋಧನಾ ಸಂಸ್ಥೆಯವರು ವರ್ಷಕ್ಕೊಮ್ಮೆ ಊರಿನವರಿಗೆ ಬಾಗಿಲು ತೆರೆಯುತ್ತಾರೆ. ಆ ದಿನ ಅವಳು ಗಾಜಿನ ತೊಟ್ಟಿಯ ನೀರಿನಲ್ಲಿ, ನೀರು ತುಂಬಿದ ಬಲೂನಿಗೆ ಸೂಜಿ ಚುಚ್ಚಿ, ಬಣ್ಣದ ನೀರು ದಾರದಂತೆ ಸೋರುವುದನ್ನು ತೋರಿಸಿ, ಒಂದು ಹನಿ ಅಂಟು ಹಾಕಿ ನಿಲ್ಲಿಸಿದ್ದಳು. ಮಕ್ಕಳು ಚಪ್ಪಾಳೆ ತಟ್ಟಿದ್ದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಅವಳ ಗಂಡ ವಿಘ್ನೇಶ್.

ವಿಘ್ನೇಶನಿಗೆ ಸೋರಿಕೆ ಎಂದರೆ ಹೊಟ್ಟೆಪಾಡು. ಹಮಾಮತ್ಸುವಿನ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ಎಂಜಿನ್ನುಗಳು ಎಲ್ಲಿ ಸೋರುತ್ತವೆ ಎಂದು ಹುಡುಕುವ ಎಂಜಿನಿಯರ್ ಅವನು. ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದ. ಬಲೂನಿನ ವಿಡಿಯೋವನ್ನು ಅವತ್ತೇ ಮೈಸೂರಿಗೆ ಕಳಿಸಿದ. ಅವನ ತಾಯಿ ಲೀಲಾವತಿ ಅದನ್ನು ಬೀದಿಗೆಲ್ಲ ತೋರಿಸಿ, ನಮ್ಮ ಸೊಸೆ ಔಷಧಿ ಕಂಡುಹಿಡಿದಿದ್ದಾಳೆ ಎಂದು ಡಂಗುರ ಹೊಡೆದರು. ಅದು ಯಾವ ಪ್ರಾಣಿಯಿಂದ ಕಲಿತ ವಿದ್ಯೆ ಎಂಬುದನ್ನು ಮಾತ್ರ ಜಾಣತನದಿಂದ ನುಂಗಿಕೊಂಡರು. ಇದಿನ್ನೂ ಬರೀ ಬಲೂನು ಅತ್ತೆ, ಮನುಷ್ಯರ ಹತ್ತಿರ ಹೋಗಲು ಬಹಳ ವರ್ಷ ಬೇಕು ಎಂದು ಅಪರ್ಣಾ ಹೇಳಿದ್ದಳು. ಹೊಗಳಿಸಿಕೊಳ್ಳುವವರ ಮಾತಿಗೆ ಹೊಗಳುವವರು ಕಿವಿಗೊಡುವುದುಂಟೇ? ಅವಳೂ ಎರಡನೇ ಸಲ ಹೇಳಲಿಲ್ಲ.

ಮಕ್ಕಳಾಗಲೆಂದು ವರ್ಷಗಟ್ಟಲೆ ಆಸ್ಪತ್ರೆಗಳಿಗೆ ಅಲೆದು, ಚುಚ್ಚಿಸಿಕೊಂಡು, ಆಸೆ ಬಿಟ್ಟ ಮೇಲೆ ಅವಳು ಬಸುರಿಯಾದಳು. ಐದನೇ ತಿಂಗಳು ತುಂಬುತ್ತಿತ್ತು. ಒಂದು ಗುರುವಾರ ಪ್ರಯೋಗಾಲಯದಲ್ಲಿ ನಿಂತಿದ್ದಾಗ ಕಾಲಿನಗುಂಟ ಬೆಚ್ಚಗೆ ನೀರು ಇಳಿಯಿತು. ಏನಾಯಿತೆಂದು ಯಾರೂ ಅವಳಿಗೆ ವಿವರಿಸಬೇಕಾಗಿರಲಿಲ್ಲ. ಆ ಕೋಣೆಯಲ್ಲಿ ಅದರ ಬಗ್ಗೆ ಅವಳಷ್ಟು ತಿಳಿದವರು ಇರಲಿಲ್ಲ. ಪ್ರೊಫೆಸರ್ ಸುಗಿಯುರಾ ಸಾನ್ ತಾವೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಕರೆತಂದರು. ದಾರಿಯುದ್ದಕ್ಕೂ ಆ ಮನುಷ್ಯ ಕನ್ನಡಿಯಲ್ಲಿ ಅವಳ ಮುಖ ನೋಡಲಿಲ್ಲ.

ಡಾಕ್ಟರು ಮೆಲುದನಿಯಲ್ಲಿ, ತಪ್ಪು ತಮ್ಮದೇ ಎಂಬ ಹಾಗೆ ತಲೆ ತಗ್ಗಿಸಿ ಹೇಳಿದರು. ಚೀಲ ಒಡೆದಿದೆ. ಮಗುವಿನ ಎದೆಬಡಿತ ಚೆನ್ನಾಗಿದೆ. ಇನ್ನೆರಡು ಮೂರು ವಾರ ಒಳಗೇ ಉಳಿದರೆ, ಹೊರಗೆ ಬಂದ ಮೇಲೆ ಉಳಿಸುವ ಪ್ರಯತ್ನವನ್ನಾದರೂ ಮಾಡಬಹುದು. ಈಗಲೇ ಬಂದರೆ ಏನೂ ಮಾಡಲಾಗದು. ಮಲಗಿರಿ, ಕಾಯೋಣ.

ಅಪರ್ಣಾ ಮಲಗಿದಳು. ನೀರು ಸೋರುತ್ತಲೇ ಇತ್ತು. ಮಗು ಒಳಗೆ ಆಗಾಗ ಒದೆಯುತ್ತಿತ್ತು, ಅಲ್ಲಿ ಏನೂ ಆಗಿಲ್ಲವೆಂಬಂತೆ.

ಭಾನುವಾರ ಮಧ್ಯಾಹ್ನ, ಭೇಟಿಯ ಹೊತ್ತಿಗೆ ಸರಿಯಾಗಿ ವಿಘ್ನೇಶ್ ಬಂದ. ಕೈಯಲ್ಲಿ ಊಟದ ಚೀಲ. ಪರದೆ ಎಳೆದು ಹಾಸಿಗೆಯ ಅಂಚಿಗೆ ಕೂತು, ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಅನ್ನವಿರಲಿಲ್ಲ. ಕೊಂಬಿನಿಯಲ್ಲಿ ಕೊಂಡ ಐಸಿನ ನಡುವೆ ಹೆಬ್ಬೆರಳಿನಷ್ಟು ಸೀಸೆಯೊಂದಿತ್ತು. ಅದರ ತಳದಲ್ಲಿ ಒಂದು ಚಿಟಿಕೆ ಬಿಳಿ ಪುಡಿ.

“ಎಲ್ಲಿಂದ ತಂದೆ?”

“ನಿನ್ ಲ್ಯಾಬಿಂದ. ನಿನ್ ಬ್ಯಾಗಲ್ಲಿ ಕಾರ್ಡ್ ಇತ್ತು. ಗಾರ್ಡ್ ನನ್ನ ಗುರುತು ಹಿಡ್ದ. ಸುಮಿಮಾಸೆನ್, ಕ್ಷಮಿಸಿ, ಹೆಂಡ್ತಿ ಏನೋ ಮರ್ತು ಬಂದಿದಾಳೆ ಅಂದೆ, ಬಿಟ್ಟ. ಫ್ರೀಜರ್‌ನಲ್ಲಿ ನಿನ್ ಹೆಸರು ಬರ್ದಿರೋ ಬಾಕ್ಸ್ ಒಂದೇ ಇದ್ದಿದ್ದು.”

“ವಿಘ್ನೇಶ್...”

“ಬೈಬೇಡ. ಆಮೇಲೆ ಎಷ್ಟು ಬೇಕಾದ್ರೂ ಬೈ. ಲೀಕ್ ಆಗ್ತಿದೆ, ಸೀಲ್ ಮಾಡೋದು ನಿನ್ ಹತ್ರ ಇದೆ. ಇಷ್ಟೇ ಅಲ್ವಾ ವಿಷ್ಯ? ಡಾಕ್ಟರ್ ಒಪ್ಪಲ್ಲ ಅಂತ ಗೊತ್ತು. ನಾನ್ ಕೇಳ್ತೀನಿ. ಇಲ್ಲಿಯವರ ಥರಾನೇ ನೆಲಕ್ಕೆ ಹಣೆ ಹಚ್ಚಿ ಕೇಳ್ತೀನಿ. ಜೈಲಿಗೆ ಹಾಕ್ತಾರಾ, ಹಾಕ್ಲಿ.”

ಅವಳು ಸೀಸೆಯನ್ನು ಕೈಗೆ ತೆಗೆದುಕೊಂಡಳು. ಅವಳೇ ಕಟ್ಟಿದ ಸರ, ಅವಳೇ ತೊಳೆದು ಶುದ್ಧಮಾಡಿ ಒಣಗಿಸಿದ ಪುಡಿ. ಬೇಡ ಎನ್ನಬೇಕಿತ್ತು. ಎಷ್ಟು ಉಪ್ಪುನೀರಿಗೆ ಎಷ್ಟು ಪುಡಿ, ಯಾವ ಸೂಜಿ, ಸ್ಕ್ಯಾನ್ ನೋಡಿಕೊಂಡು ಯಾವ ಕಡೆಯಿಂದ ಚುಚ್ಚಬೇಕು ಎಂದು ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕತೊಡಗಿತ್ತು. ಅವಳಿಗೆ ಆಸೆಯಾಯಿತು. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಈಗಲೇ ಕಲಸಿಬಿಡುವಷ್ಟು ಆಸೆಯಾಯಿತು. ಹೊಟ್ಟೆಯೊಳಗೆ ಮಗು ಮಗ್ಗುಲು ಬದಲಿಸಿತು.

“ಆಗಲ್ಲ,” ಎಂದಳು.

“ಯಾಕೆ? ರೂಲ್ಸಾ?”

“ರೂಲ್ಸ್ ಅಲ್ಲ.”

“ಮತ್ತೆ? ಪ್ರಯೋಗದ ಮೊಲಗಳಲ್ಲಿ ಅರ್ಧ ಮರಿ ಬದುಕಿದ್ವು ಅಂತ ನೀನೇ ಹೇಳಿದ್ದೆ. ಕುಣಿದಾಡ್ಕೊಂಡ್ ಹೇಳಿದ್ದೆ. ಅರ್ಧ ಅಂದ್ರೆ ಫಿಫ್ಟಿ ಪರ್ಸೆಂಟ್, ಅಪರ್ಣಾ. ಈಗ ನಮ್ ಹತ್ರ ಎಷ್ಟಿದೆ? ಸೊನ್ನೆ.”

“ಅದು ಹೋದ್ ವರ್ಷದ್ದು. ನಾಲ್ಕೇ ಮೊಲ ಇದ್ದಿದ್ದು. ಈ ಸಲ ತುಂಬಾ ಮೊಲಗಳಲ್ಲಿ ಮಾಡಿದ್ವಿ.” ಅವಳು ಸೀಸೆಯನ್ನು ನೋಡುತ್ತಲೇ ಹೇಳಿದಳು. “ಅಂಟು ಚೀಲಕ್ಕೂ ಹಿಡೀತು, ಮರಿಗಳಿಗೂ ಹಿಡೀತು. ಚರ್ಮಕ್ಕೆ, ಬಾಯಿಗೆ. ಈ ಸಲಾನೂ ಅರ್ಧ ಮರಿಗಳು ಬದುಕಿದ್ವು ವಿಘ್ನೇಶ್. ಬದುಕಿದ್ದೆಲ್ಲ, ಹೋಲಿಸಿ ನೋಡಕ್ಕೆ ಅಂತ ನಾವು ಅಂಟು ಹಾಕದೇ ಬಿಟ್ಟಿದ್ದ ಚೀಲಗಳವು.”

ಪರದೆಯಾಚೆ ನರ್ಸ್ ಕಾವಾಯ್ ಸಾನ್ ಯಾರಿಗೋ ಊಟವಾಯಿತೇ ಎಂದು ವಿಚಾರಿಸುತ್ತಿದ್ದಳು.

“ಯಾವಾಗ ಗೊತ್ತಾಯ್ತು?”

“ಹೋದ ತಿಂಗಳು.”

“ನನಗೆ ಹೇಳ್ಲಿಲ್ಲ.”

ಹೇಳಬೇಕೆಂದೇ ಅವತ್ತು ಮನೆಗೆ ಬಂದಿದ್ದಳು. ಮೊಲದ ಮರಿಗಳನ್ನು ತಾನೇ ಕೈಯಾರೆ ಬಿಡಿಸಿ ನೋಡಿ, ಆಮೇಲೆ ಸಂಸ್ಥೆಯ ಹಿಂದಿನ ಕೊಳಾಯಿಯ ಹತ್ತಿರ ನಿಂತು ಅತ್ತು, ಮುಖ ತೊಳೆದುಕೊಂಡು ಬಂದಿದ್ದಳು. ಬಾಗಿಲು ತೆರೆದರೆ ಬಿಸಿಬೇಳೆಬಾತಿನ ವಾಸನೆ. ವಿಘ್ನೇಶ್ ಒಲೆಯ ಮುಂದೆ ನಿಂತು, ಫೋನಿನಲ್ಲಿ ತಾಯಿಯ ಜೊತೆ ಮಗುವಿನ ಹೆಸರಿಗಾಗಿ ಜಗಳವಾಡುತ್ತಿದ್ದ. ಸೌಟಿನಲ್ಲೇ ಅವಳ ಬಾಯಿಗೆ ರುಚಿ ಹಾಕಿದ. ಆ ಮುಖದ ಮುಂದೆ ಸತ್ತ ಮರಿಗಳ ಮಾತೆತ್ತಲು ಅವಳಿಂದಾಗಲಿಲ್ಲ. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡಳು.

“ನಂಬಲ್ಲ ನಾನು,” ಎಂದ ವಿಘ್ನೇಶ್. “ಮೊಲಕ್ಕೆ ಆಗಿದ್ದು ಮನುಷ್ಯರಿಗೆ ಆಗ್ಬೇಕು ಅಂತೇನಿಲ್ಲ. ನೀನೇ ಎಷ್ಟ್ ಸಲ ಹೇಳಿದೀಯ. ನಮ್ ಮಗೂಗೆ ಒಂದು ಚಾನ್ಸ್ ಕೊಡಕ್ಕೂ ನಿನಗೆ ಪ್ರೂಫ್ ಬೇಕಾ? ನೀನ್ ತಾಯೀನಾ, ಇಲ್ಲ ಸೈಂಟಿಸ್ಟಾ?”

ಇಂಥ ಮಾತನ್ನು ಆಡಿದವನಿಗೂ ನೆಮ್ಮದಿಯಿಲ್ಲ, ಕೇಳಿದವಳಿಗೂ ಇಲ್ಲ. ಅಪರ್ಣಾ ಸೀಸೆಯನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದಳು.

“ಎರಡೂ ನಾನೇ,” ಎಂದಳು. “ಅದಕ್ಕೇ ಬೇಡ ಅಂತಿರೋದು. ಏನೂ ಮಾಡ್ದೆ ಇದ್ರೆ ಅದು ಇನ್ನೊಂದು ವಾರ ಇದ್ರೂ ಇರಬಹುದು. ಇದನ್ನ ಹಾಕಿದ್ರೆ ನನ್ನ ಕೈಯಾರೆ...”

ಅವನು ಎದ್ದು ಹೋದ. ಐಸು ಕರಗಿದ ನೀರು ಡಬ್ಬಿಯಿಂದ ತೊಟ್ಟಿಕ್ಕುತ್ತಾ ಲಿಫ್ಟಿನವರೆಗೂ ಬಿದ್ದಿತ್ತಂತೆ. ಕಾವಾಯ್ ಸಾನ್ ಅದನ್ನು ಒರೆಸಿದಳು.

ಮಂಗಳವಾರ ಬೆಳಿಗ್ಗೆ ನೋವು ಶುರುವಾಯಿತು. ಹೆಣ್ಣುಮಗು. ಎರಡು ಅಂಗೈ ಜೋಡಿಸಿದರೆ ಅದರೊಳಗೆ ಮಲಗುವಷ್ಟಿತ್ತು. ಉಗುರು ಮೂಡಿದ್ದವು. ರೆಪ್ಪೆ ಇನ್ನೂ ತೆರೆದಿರಲಿಲ್ಲ. ಡಾಕ್ಟರು ಅದನ್ನು ಅಪರ್ಣಾಳ ಎದೆಯ ಮೇಲೆ ಮಲಗಿಸಿ ಹಿಂದೆ ಸರಿದು ನಿಂತರು. ಹಮಾಮತ್ಸುವಿನ ಅರ್ಧದಾರಿಯಿಂದ ವಾಪಸ್ಸಾಗಿ ಓಡಿ ಬಂದ ವಿಘ್ನೇಶನಿಗೆ ಮಗುವಿನ ಪಕ್ಕೆ ಏಳುವುದು, ಇಳಿಯುವುದು ಕಾಣಿಸಿತು. ಆಮೇಲೆ ಇಳಿದದ್ದು ಏಳಲಿಲ್ಲ. ಬಂದ ಉಸಿರು ಅಷ್ಟೇ.

ನಮ್ಮಲ್ಲಿ ಹಸುಗೂಸನ್ನು ಸುಡುವುದಿಲ್ಲ, ಮಣ್ಣು ಮಾಡುತ್ತಾರೆ ಎಂದು ವಿಘ್ನೇಶ್ ನಗರ ಕಚೇರಿಯಲ್ಲಿ ಕೇಳಿಕೊಂಡ. ಅವರು ಹತ್ತು ಸಲ ಕ್ಷಮೆ ಕೇಳಿ, ಹೂಳಲು ಇಲ್ಲಿ ಜಾಗವಿಲ್ಲ ಎಂದರು. ಚಿತಾಗಾರದಲ್ಲಿ ದಿನದ ಮೊದಲ ಸರದಿಯನ್ನೇ ಕೊಟ್ಟರು. ಬಿಳಿ ಕೈಗವಸಿನ ಮುದುಕರೊಬ್ಬರು ಅದಕ್ಕೆ ಕಾರಣ ಹೇಳಿದರು. ಬೆಳಿಗ್ಗೆ ಕುಲುಮೆ ತಣ್ಣಗಿರುತ್ತದೆ. ಉರಿ ಸಣ್ಣದಾಗಿ ಇಡಬಹುದು. ಇಲ್ಲವಾದರೆ ಇಷ್ಟು ಚಿಕ್ಕ ಮಕ್ಕಳದು ಏನೂ ಉಳಿಯುವುದಿಲ್ಲ.

ಉಳಿದದ್ದು ಸ್ವಲ್ಪವೇ. ತಟ್ಟೆಯ ಬೂದಿಯಲ್ಲಿ ಶಾವಿಗೆಯ ಎಳೆಯಷ್ಟು ತೆಳ್ಳನೆಯ ಮೂಳೆಗಳು. ಗಂಡ ಹೆಂಡತಿ ಎದುರುಬದುರು ನಿಂತು, ಒಂದೊಂದು ಮೂಳೆಯನ್ನೂ ಇಬ್ಬರ ಚಾಪ್‌ಸ್ಟಿಕ್ ಕಡ್ಡಿಗಳಿಂದ ಒಟ್ಟಿಗೆ ಹಿಡಿದು ಭರಣಿಗೆ ಹಾಕಬೇಕು ಎಂದು ಮುದುಕರು ತೋರಿಸಿಕೊಟ್ಟರು. ಇಷ್ಟು ವರ್ಷವಾದರೂ ವಿಘ್ನೇಶನಿಗೆ ಕಡ್ಡಿಯಲ್ಲಿ ನೂಡಲ್ಸ್ ಎತ್ತಲೂ ಸರಿಯಾಗಿ ಬರುತ್ತಿರಲಿಲ್ಲ. ಭಾನುವಾರದಿಂದ ಅವನು ಅವಳೊಡನೆ ನಾಲ್ಕು ಮಾತು ಆಡಿರಲಿಲ್ಲ.

“ನಿಧಾನ,” ಎಂದ ಈಗ. “ಮುರಿಯತ್ತೆ.”

“ನಾನ್ ಹಿಡ್ಕೊಂಡಿದೀನಿ. ನೀನು ಸುಮ್ನೆ ಜೊತೆಗಿರು.”

ಒಂದೂ ಮುರಿಯಲಿಲ್ಲ.

ಮನೆಗೆ ಬಂದು ಭರಣಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಇಬ್ಬರೂ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಾಗ ಮೈಸೂರಿನಿಂದ ಫೋನ್ ಬಂತು. ವಿಘ್ನೇಶ್ ಅದನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದ. ಲೀಲಾವತಿ ಕೆಟ್ಟವರಲ್ಲ. ಮೊದಲು ಅತ್ತರು. ಸೊಸೆಗೆ ಊಟವಾಯಿತೇ ಎಂದು ಕೇಳಿದರು, ಬಾಣಂತಿ ಮೈ, ತಣ್ಣೀರು ಮುಟ್ಟಬೇಡ ಎಂದರು. ಆಮೇಲೆ ಎಲ್ಲರ ಮನಸ್ಸಿನಲ್ಲೂ ಇದ್ದದ್ದು ಅವರ ಬಾಯಿಗೆ ಬಂತು.

“ಕೇಳಬಾರ್ದು ಕಣೋ. ಆದ್ರೂ ಮನಸ್ಸು ತಡೀದು. ಪಕ್ಕದ್ಮನೆಯವರೂ ಕೇಳಿದ್ರು. ಅವಳು ಕಂಡುಹಿಡ್ದಿದ್ದ ಆ ಅಂಟು ಇತ್ತಲ್ಲ, ಅದನ್ನ ಹಾಕಿ ನೋಡ್ಲಿಲ್ವೇನೋ?”

ಅಪರ್ಣಾ ಕಣ್ಣು ಮುಚ್ಚಿದಳು. ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಭಾನುವಾರವೇ ಗೊತ್ತಿತ್ತು. ಇವತ್ತು ಅತ್ತೆ ಕೇಳುತ್ತಾರೆ, ನಾಳೆ ಮದುವೆ ಮನೆಗಳಲ್ಲಿ ಇನ್ಯಾರೋ ಕೇಳುತ್ತಾರೆ. ಕೈಯಲ್ಲಿ ಔಷಧಿ ಇಟ್ಟುಕೊಂಡೂ ಹೆತ್ತ ಮಗುವಿಗೆ ಹಾಕದ ಹೆಂಗಸು ಎಂಬ ಮಾತು ಅವಳಿಗಿಂತ ಹೆಚ್ಚು ದಿನ ಬದುಕುತ್ತದೆ. ಮೊಲದ ಮರಿಗಳ ಕಥೆಯನ್ನು ಅವರಿಗೆಲ್ಲ ಯಾವ ಬಾಯಿಂದ ಹೇಳುವುದು? ಗಂಡನೇ ನಂಬಿರಲಿಲ್ಲ.

“ಹಾಕಿದ್ವಮ್ಮ,” ಎಂದ ವಿಘ್ನೇಶ್.

ಅವಳು ಕಣ್ಣು ತೆರೆದಳು. ಅವನು ಅವಳ ಕಡೆ ನೋಡುತ್ತಿರಲಿಲ್ಲ. ಭರಣಿಯ ಮೇಲೆ ಕೈಯಿಟ್ಟುಕೊಂಡು ಫೋನಿನೊಡನೆ ಮಾತಾಡುತ್ತಿದ್ದ.

“ಅಪರ್ಣಾನೇ ಹೇಳಿ ಹಾಕ್ಸಿದ್ಲು. ಡಾಕ್ಟರ್ ಬೇಡ ಅಂದ್ರೂ ಜಗಳ ಆಡಿ ಹಾಕ್ಸಿದ್ಲು. ಹಿಡೀಲಿಲ್ಲಮ್ಮ. ಯಾರೇ ಕೇಳಿದ್ರೂ ಹಾಗೇ ಹೇಳು.”

ಆ ಕಡೆಯಿಂದ ಲೀಲಾವತಿಯವರ ನಿಟ್ಟುಸಿರು ಕೇಳಿಸಿತು. “ಪಾಪ, ಮಾಡೋದನ್ನೆಲ್ಲ ಮಾಡಿದಾಳೆ ಹುಡುಗಿ. ನಮ್ ಹಣೇಲಿ ಇರಲಿಲ್ಲ. ಅಪರ್ಣಾ, ಅಲ್ಲೇ ಇದೀಯೇನಮ್ಮ? ಹೌದೇನೇ, ಸ್ವಲ್ಪಾನೂ ಹಿಡೀಲಿಲ್ವಾ?”

ಮಾಡದ ಪ್ರಯೋಗದ ಫಲಿತಾಂಶವನ್ನು ಅಪರ್ಣಾ ಜೀವನದಲ್ಲಿ ಒಮ್ಮೆಯೂ ಹೇಳಿದವಳಲ್ಲ. ಮೇಜಿನಾಚೆ ವಿಘ್ನೇಶ್ ಇನ್ನೂ ಭರಣಿಯಿಂದ ಕೈ ತೆಗೆದಿರಲಿಲ್ಲ. ಅವಳು ಫೋನಿನ ಹತ್ತಿರ ಬಾಗಿದಳು.

“ಹಿಡೀತು ಅತ್ತೆ,” ಎಂದಳು. “ಸ್ವಲ್ಪ ಹೊತ್ತು ಹಿಡ್ಕೊಂಡಿತ್ತು.”