ಅಳತೆಗೆ ಬಂದವರು

ಥಾರ್ನ್‌ಬ್ರಿಡ್ಜಿನ ಪೇಟೆಬೀದಿಯಲ್ಲಿ ಮೊದಲು ಮುಚ್ಚಿದ್ದು ಮಾಂಸದಂಗಡಿ, ಆಮೇಲೆ ಬ್ಯಾಂಕು, ಆಮೇಲೆ ಉಣ್ಣೆ ಮಾರುತ್ತಿದ್ದ ಅಕ್ಕತಂಗಿಯರ ಅಂಗಡಿ. ಹೊಸದಾಗಿ ಬಂದದ್ದೆಂದರೆ ಉಗುರಿಗೆ ಬಣ್ಣ ಬಳಿಯುವ ಎರಡು ಅಂಗಡಿ. ಇಷ್ಟು ಸಣ್ಣ ಊರಿಗೆ ಅಷ್ಟೊಂದು ಉಗುರು ಎಲ್ಲಿಂದ ಬಂತೋ ದೇವರೇ ಬಲ್ಲ. ಹಳಬರಲ್ಲಿ ಉಳಿದವಳು ಹಿಲ್ಡಾ ಪಿಲ್ಲಿಂಗ್ ಒಬ್ಬಳೇ, ಅಪ್ಪನ ಕಾಲದ ಬೂಟಿನಂಗಡಿ ಹಿಡಿದುಕೊಂಡು.

ಅಂಗಡಿಯ ಬಾಡಿಗೆ ಕರಾರು ಸೋಮವಾರಕ್ಕೆ ಮುಗಿಯುತ್ತಿತ್ತು. ಮುಂದಿನ ಐದು ವರ್ಷಕ್ಕೆ ರುಜು ಹಾಕುವುದೋ, ಬೀಗ ಹಾಕುವುದೋ? ಆಗಸ್ಟಿನ ಕೊನೆಯ ಶನಿವಾರವೇ ಅದನ್ನು ತೀರ್ಮಾನಿಸಲಿ ಎಂದು ಹಿಲ್ಡಾ ಬಿಟ್ಟಿದ್ದಳು. ಶಾಲೆ ತೆರೆಯುವ ಮುಂಚಿನ ಶನಿವಾರ ಅದು. ಊರಿನ ಮಕ್ಕಳೆಲ್ಲ ಕಪ್ಪು ಬೂಟಿಗೆ ಬರುವ ದಿನ. ಅವತ್ತು ಆಗದ ವ್ಯಾಪಾರ ಇನ್ಯಾವತ್ತೂ ಆಗುವುದಿಲ್ಲ.

ಒಂಬತ್ತಕ್ಕೇ ಬಾಗಿಲಾಚೆ ಸಾಲು ನಿಂತಿತ್ತು. ಹಿಲ್ಡಾಳಿಗೆ ಎದೆ ತುಂಬಿ ಬಂತು. ಅರವತ್ತೆಂಟರ ಮಂಡಿನೋವನ್ನೂ ಮರೆತು ಒಂದೊಂದು ಮಗುವಿನ ಮುಂದೆಯೂ ನೆಲಕ್ಕೆ ಕೂತಳು, ಪಾದವನ್ನು ಅಳತೆಹಲಗೆಯ ಮೇಲಿಟ್ಟಳು, ಉದ್ದ ಅಗಲ ಚೀಟಿಯಲ್ಲಿ ಬರೆದು ಕೊಟ್ಟಳು. ತಾಯಂದಿರು ಚೀಟಿ ಇಸಿದುಕೊಂಡು, ಬೆಣ್ಣೆಯಂಥ ಮಾತಾಡಿ, ಆಮೇಲೆ ಬರುತ್ತೇವೆಂದು ಹೋದರು. ಒಬ್ಬಳಂತೂ ಹೊಸ್ತಿಲು ದಾಟುವ ಮೊದಲೇ ಫೋನಿನಲ್ಲಿ ಬೂಟು ಆರಿಸತೊಡಗಿದಳು. ಅಳತೆಗೇ ಕಾಸು ಕೇಳಬಹುದಿತ್ತು, ಆದರೆ ಮಗುವಿನ ಪಾದ ಮುಟ್ಟಿದ್ದಕ್ಕೆ ಬೆಲೆ ಕಟ್ಟುವ ಬುದ್ಧಿ ಅವಳಿಗೆ ಎಂದೂ ಬರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಇಪ್ಪತ್ತಾರು ಮಕ್ಕಳ ಅಳತೆ ಮುಗಿದಿತ್ತು. ಒಂದು ಜೊತೆ ಬೂಟೂ ಹೋಗಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕೊನೆಗೆ ಬಂದವಳು ಜೋನಾ ಬ್ರಿಯರ್ಲಿ, ಮಗಳು ಟ್ಯಾಬಿಯ ಕೈ ಹಿಡಿದುಕೊಂಡು. ಜೋನಾ ನಡೆಯಲು ಕಲಿತಾಗ ಮೊದಲ ಬೂಟು ತೊಡಿಸಿದವಳು ಹಿಲ್ಡಾಳೇ. ಇವಳಾದರೂ ಕೊಂಡಾಳು ಎಂದು ಹಿಲ್ಡಾ ಬೂಟು ತೆಗೆಯಲು ಮೇಲಿನ ಹಲಗೆಗೆ ಕೈ ಚಾಚಿದಳು. ಅಷ್ಟರಲ್ಲಿ ಜೋನಾ ಚೀಲದಿಂದ ತನ್ನದೇ ಪೆಟ್ಟಿಗೆ ತೆಗೆದಳು. ಬೂಟು ನಿನ್ನೆಯೇ ಮನೆಗೆ ಬಂದಿತ್ತಂತೆ. ಸರಿಯಾಗಿದೆಯೋ ಇಲ್ಲವೋ ನೋಡಿ ಹೇಳಬೇಕಂತೆ.

ಹಿಲ್ಡಾಳಿಗೆ ಸಿಟ್ಟು ಬರಲಿಲ್ಲ, ಅಳು ಬಂತು. ಅದನ್ನು ನುಂಗಿಕೊಂಡು ಕೂತಳು, ಬೂಟು ತೊಡಿಸಿ ಮಗುವನ್ನು ನಿಲ್ಲಿಸಿದಳು.

"ಬಿಗಿ ಇದೆ ಮಗಳೇ. ವಾಪಸ್ ಕಳಿಸು. ಅರ್ಧ ಸೈಜು ದೊಡ್ಡದು ತರಿಸು."

"ನೀವು ಇಲ್ದಿದ್ರೆ ನಮ್ಮ ಗತಿ ಏನು, ಮಿಸೆಸ್ ಪಿಲ್ಲಿಂಗ್," ಎಂದಳು ಜೋನಾ. ಆ ಮಾತಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. "ಮುಂದಿನ ವರ್ಷ ಇವಳ ತಮ್ಮನ್ನೂ ಕರ್ಕೊಂಡು ಬರ್ತೀನಿ."

ಹಿಲ್ಡಾ ಏಳಲಿಲ್ಲ. ಜೋನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಹೆಬ್ಬೆರಳನ್ನು ಹಿಡಿದು ಮಗುವಿನ ಬೂಟಿನ ತುದಿಯ ಮೇಲಿಟ್ಟಳು.

"ಇಲ್ಲಿ ಒತ್ತು. ಒಳಗೆ ಕಾಲ್ಬೆರಳು ಸಿಗ್ತಾ? ಅದರ ಮುಂದೆ ನಿನ್ನ ಹೆಬ್ಬೆರಳಷ್ಟು ಜಾಗ ಇರ್ಬೇಕು. ಮಗು ನಿಂತಾಗ್ಲೇ ನೋಡ್ಬೇಕು, ಕೂತಾಗ ಅಲ್ಲ."

"ಇದೆಲ್ಲ ನಂಗ್ಯಾಕೆ? ನೀವಿದೀರಲ್ಲ."

"ಇನ್ನೊಂದ್ಸಲ ಒತ್ತು," ಎಂದಳು ಹಿಲ್ಡಾ.

ಜೋನಾ ಒತ್ತಿದಳು. ಸರಿಯೇ ಎಂದು ಕೇಳಲು ಮುಖವೆತ್ತಿದವಳಿಗೆ ಹಿಲ್ಡಾಳ ಕಣ್ಣು ನೋಡಿ, ಮುಂದಿನ ವರ್ಷ ಈ ಅಂಗಡಿ ಇರುವುದಿಲ್ಲವೆಂದು ಅರ್ಥವಾಯಿತು. ತಾನು ತಂದಿದ್ದ ಪೆಟ್ಟಿಗೆಯನ್ನು ಮೆಲ್ಲಗೆ ಕುರ್ಚಿಯಡಿಗೆ ತಳ್ಳಿದಳು.