ಕೈಯಿಂದ ಕೈಗೆ ಕೊಟ್ಟ ಕತ್ತರಿ

ಹಾಲಿನ ಪಾಕೀಟಿನ ಮೂಲೆಯನ್ನು ನಾನು ಅರ್ಧ ಕತ್ತರಿಸಿದ್ದೆ. ಅಷ್ಟರಲ್ಲಿ ನೀಲಾಳ ಕೈ ನಿಂತುಬಿಟ್ಟಿತು. ಒಲೆಯ ಮೇಲೆ ಖಾಲಿ ಪಾತ್ರೆ ಕಾಯುತ್ತಿತ್ತು. ಅವಳ ಕಣ್ಣು ಮಾತ್ರ ಮೇಜಿನ ಮೇಲಿದ್ದ ಬಟ್ಟೆಯ ಕಟ್ಟಿನ ಮೇಲೆ. ಅದರೊಳಗೆ ಗೆಳತಿ ಜುಲೇಖಾಳಿಗೆ ಬರೆದ ಕಾಗದವಿತ್ತು.

"ಇವತ್ತು ಟಪಾಲಿಗೆ ಹಾಕೇ ಬಿಡತೀನಿ," ಅಂದಳು. ನನಗೆ ಅಂದಳೋ, ಹಾಲಿಗೆ ಅಂದಳೋ ತಿಳಿಯಲಿಲ್ಲ. ಆಮೇಲೆ ಕಚ್ ಎಂದು ಉಳಿದದ್ದನ್ನೂ ಕತ್ತರಿಸಿದಳು. ನನ್ನ ಮೈಯೆಲ್ಲ ಹಗುರಾಯಿತು. ಹಾಲಿನ ಪಾಕೀಟು ಕತ್ತರಿಸಿ ಇಷ್ಟು ಸುಖಪಟ್ಟ ಕತ್ತರಿ ಬೇರೊಂದು ಇರಲಿಕ್ಕಿಲ್ಲ.

ಹೌದು, ನಾನು ಒಂದು ಕತ್ತರಿ. ಗೇಣಿಗಿಂತ ತುಸು ಉದ್ದ, ಹಿತ್ತಾಳೆಯ ಹಿಡಿಕೆ, ಬಟ್ಟೆ ಕತ್ತರಿಸಲೆಂದೇ ಹುಟ್ಟಿದವನು. ಅದಕ್ಕೂ ಮೊದಲು ನಾನೊಂದು ಲಾರಿಯ ಅಡಿಯಲ್ಲಿ ಭಾರ ಹೊರುವ ಕಮಾನು ಪಟ್ಟಿಯಾಗಿದ್ದೆನಂತೆ. ಲಾರಿ ಮುದಿಯಾಯಿತು, ಗುಜರಿಗೆ ಹೋಯಿತು. ಒಬ್ಬ ಕಮ್ಮಾರ ಆ ಕಬ್ಬಿಣವನ್ನು ಕಾಯಿಸಿ ಬಡಿದು ಎರಡು ಅಲಗು ಮಾಡಿದ. ಅವು ಬೇರೆ ಬೇರೆ ಬಿದ್ದಿರುವಾಗ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ನಡುವೆ ಒಂದು ತಿರುಪು ಬಿಗಿದ ಮೇಲೆ ನಾನು ನಾನಾದೆ. ಕೂಡಿಸಿದ್ದರಿಂದಲೇ ಹುಟ್ಟಿದವನಿಗೆ ಅಗಲಿಸುವವನೆಂಬ ಹೆಸರು ಬಂದದ್ದು ನನ್ನ ಹಣೆಬರಹ.

ಮೊದಲು ನನ್ನನ್ನು ಕೊಂಡವಳು ಬೆಟಗೇರಿಯ ಈರವ್ವ. ಅವಳು ಹೆಂಗಸರಿಗೆ ಜಂಪರು, ರವಿಕೆ ಹೊಲಿಯುವವಳು. ಅವಳ ಅಂಗಡಿಯಲ್ಲಿ ನನಗೆ ರಾಜಮರ್ಯಾದೆ. ಕಾಗದ ಮುಟ್ಟಿಸುತ್ತಿರಲಿಲ್ಲ, ಮೊಂಡಾಗುತ್ತೇನೆಂದು. ಹಬ್ಬದ ದಿನಗಳಲ್ಲಿ ನನಗೂ ಅವಳಿಗೂ ಉಸಿರಾಡಲು ಪುರುಸೊತ್ತಿಲ್ಲ. ವರ್ಷಗಳು ಹೀಗೇ ಹೋದವು. ಕಣ್ಣಿಗೆ ಪೊರೆ ಬಂದು ಗೆರೆ ಕಾಣದಾದಾಗ ಈರವ್ವ ನನ್ನನ್ನು ಅಕ್ಕನ ಮಗಳು ನೀಲಗಂಗಾಳಿಗೆ, ಅಂದರೆ ಈ ನೀಲಾಳಿಗೆ, ಕೊಟ್ಟಳು. ಒಂದು ಚೀಲ ಚಿಂದಿಯನ್ನೂ ಜೊತೆಗೆ ಕೊಟ್ಟು, "ಚಿಂದಿ ಅಂತ ಒಗೀಬ್ಯಾಡ, ಯವ್ವಾ. ಊರ ಹೆಣಮಕ್ಕಳ ಅರ್ಧಾ ಸಂಭ್ರಮ ಇದರಾಗ ಐತಿ," ಅಂದಳು.

ನೀಲಾ ಧಾರವಾಡದಲ್ಲಿ ಬಿ.ಕಾಂ. ಓದುತ್ತಿದ್ದಳು. ಮಾಳಿಗೆಯ ಮೇಲೆ ಒಂದು ಬಾಡಿಗೆ ಕೋಣೆ. ಜೊತೆಗೆ ರಾಯಚೂರಿನ ಜುಲೇಖಾ. ಇಲ್ಲಿ ನನ್ನ ರಾಜಮರ್ಯಾದೆ ಒಂದೇ ವಾರಕ್ಕೆ ಮುಗಿಯಿತು. ಕಾಲೇಜಿನ ಚಾರ್ಟು, ಶಾಂಪೂ ಪುಡಿಕೆ, ಕೊತ್ತಂಬರಿ ಕಟ್ಟು, ಸೀಳಿದ ಜಡೆತುದಿ, ಎಲ್ಲಕ್ಕೂ ನಾನೇ. ಆದರೂ ಸಿಟ್ಟು ಬರುತ್ತಿರಲಿಲ್ಲ. ಅಷ್ಟು ನಗುವನ್ನು ನಾನು ಅಂಗಡಿಯಲ್ಲಿ ಕೇಳಿರಲಿಲ್ಲ.

ಸಂಜೆಯಾದರೆ ಲೋಟಕ್ಕೆ ಫೋನು ಒರಗಿಸುವರು. ಅದು ಜಾರದಂತೆ ಅದರ ಬುಡಕ್ಕೆ ನನ್ನನ್ನು ಅಡ್ಡ ಮಲಗಿಸುವರು. ಅಲ್ಲಿ ಮಲಗಿಕೊಂಡೇ ನಾನು ಲೋಕ ಕಂಡೆ. ಹಿಮದ ದೇಶದ ಒಬ್ಬಾಕೆ ಹರಕು ಕಾಲುಚೀಲದಿಂದ ಹಕ್ಕಿ ಮಾಡುತ್ತಿದ್ದಳು. ಯಾರೋ ಒಬ್ಬರು ಊರೂರು ತಿರುಗಿ ಬರೀ ಹಳೆಯ ಬಾಗಿಲುಗಳ ಫೋಟೋ ಹಾಕುತ್ತಿದ್ದರು. ಒಬ್ಬ ಅಜ್ಜ ಒಂದು ಮಾತೂ ಆಡದೆ ಮುರಿದ ಛತ್ರಿ ರಿಪೇರಿ ಮಾಡುತ್ತಿದ್ದ.

"ಈ ಅಜ್ಜಗ ನಮ್ಮ ಛತ್ರಿ ಕಳಸೂಣೇನಲೇ?" ಅನ್ನುವಳು ಜುಲೇಖಾ.

"ಮೊದಲ ನಿನ್ನ ಕಳಸ್ತೀನಿ. ಒಂದೂ ಮಾತಾಡದ ಕುಂದ್ರೂದು ಕಲ್ತು ಬಾ," ಅನ್ನುವಳು ನೀಲಾ.

ನೋಡಿ ನೋಡಿ ಅವರಿಗೂ ಕೈ ತುರಿಸಿತು. ಈರವ್ವನ ಚಿಂದಿಯಿಂದ ಒಂದು ಚಿತ್ರ ಮಾಡಲು ಕುಳಿತರು. ಅವರದೇ ಮಾಳಿಗೆ, ನೀರಿನ ಟಾಕಿ, ಹಗ್ಗದ ಮೇಲಿನ ಬಟ್ಟೆ, ನಾಲ್ಕು ಪಾರಿವಾಳ. ನೀಲಾ ನನ್ನಿಂದ ಕತ್ತರಿಸುವಳು, ಜುಲೇಖಾ ಹೊಲಿಯುವಳು. ಅವಳ ಹೊಲಿಗೆ ಎಷ್ಟು ಸಣ್ಣದೆಂದರೆ, ಎಲ್ಲಿ ಕತ್ತರಿಸಿದ್ದೆನೆಂದು ನನಗೇ ಗುರುತು ಸಿಗುತ್ತಿರಲಿಲ್ಲ.

ಚಿತ್ರ ಮುಗಿದ ದಿನ ನೀಲಾ ಅದರ ಫೋಟೋ ತೆಗೆದು ಇಂಟರ್ನೆಟ್‌ಗೆ ಹಾಕಿದಳು. ಕೆಳಗೆ ತನ್ನೊಬ್ಬಳ ಹೆಸರು. ಬೇಕೆಂದು ಮಾಡಲಿಲ್ಲ. ಹಿಗ್ಗಿನಲ್ಲಿ ಮರೆತಳು. ಆದರೆ ಹೊಗಳಿಕೆ ಬರತೊಡಗಿದ ಮೇಲೆ ನೆನಪಾಯಿತಲ್ಲ, ಆಗಲೂ ತಿದ್ದಲಿಲ್ಲ. ಜುಲೇಖಾ ಎಲ್ಲವನ್ನೂ ಓದಿ ಸೂಜಿ ದಾರ ಎತ್ತಿಟ್ಟಳು.

ಮರುದಿನ ಬೆಳಿಗ್ಗೆ ನೀಲಾ ಅವಳ ಕೈಯಿಂದ ನನ್ನನ್ನು ಇಸಿದುಕೊಳ್ಳುತ್ತ, "ಚಹಾದ ಪಾತ್ರಿ ಇನ್ನೂ ತೊಳದಿಲ್ಲೇನ?" ಅಂದಳು.

"ಹೌದಲಾ, ತೊಳಿಯೂದು, ಹೊಲಿಯೂದು ನನ್ನ ಪಾಲಿಗೆ. ಹೆಸರು ನಿನ್ನ ಪಾಲಿಗೆ."

ಮಾತಿಗೆ ಮಾತು ಬೆಳೆಯಿತು. ರಜೆಗೆ ರಾಯಚೂರಿಗೆ ಹೋದ ಜುಲೇಖಾ ತಿರುಗಿ ಬರಲಿಲ್ಲ. ಅಲ್ಲಿಯೇ ಕಾಲೇಜಿಗೆ ಸೇರಿದಳು. ಫೋನಿನಲ್ಲಿ ನೀಲಾಳನ್ನು ಬ್ಲಾಕ್ ಮಾಡಿದಳು.

ಮನೆ ಮಾಲಕಿ ಗಿರಿಜಕ್ಕ ಬಂದು, "ಕತ್ತರಿ ಕೈಯಿಂದ ಕೈಗೆ ಕೊಟ್ರಲ್ಲ, ನಾ ನೋಡೀನಿ. ನೆಲದ ಮ್ಯಾಲೆ ಇಟ್ಟು ತಗೋಬೇಕಿತ್ತು. ಇಲ್ಲಾಂದ್ರ ಜಗಳ ಬರೂದ," ಅಂದಳು. ನೀಲಾ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಪರಾಧಿ ಸಿಕ್ಕಿದ್ದ. ನನ್ನನ್ನು ಬಿಸ್ಕೀಟಿನ ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟಳು.

ಕೆಲವು ದಿನ ಕಳೆದು ಅರ್ಧ ಬರೆದ ಒಂದು ಕಾಗದ ನನ್ನ ಮೇಲೆ ಬಂದು ಬಿತ್ತು. "ಪ್ರೀತಿಯ ಜುಲ್ಲು, ಆ ದಿನ ನಾವು ಕತ್ತರಿಯನ್ನು ಕೈಯಿಂದ ಕೈಗೆ ಕೊಡಬಾರದಿತ್ತು..." ಮುಂದೆ ಬರೆಯಲು ಅವಳಿಗೆ ಆಗಿರಲಿಲ್ಲ. ಸುಳ್ಳಿನಿಂದ ಶುರುವಾದ ಕಾಗದ ಮುಂದೆ ಹೇಗೆ ಹೋದೀತು? ಮಳೆಗಾಲವಿಡೀ ಆ ಆರೋಪವನ್ನು ಎದೆಯ ಮೇಲೆ ಹೊತ್ತು ತುಕ್ಕು ಹಿಡಿಯುತ್ತ ಬಿದ್ದಿದ್ದೆ.

ಪೊರೆ ತೆಗೆಸಿದ್ದ ಕಣ್ಣನ್ನು ಡಾಕ್ಟರಿಗೆ ತೋರಿಸಲು ಈರವ್ವ ಧಾರವಾಡಕ್ಕೆ ಬಂದಳು. ಈಗ ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ನೀಲಾಳ ಕೋಣೆಯಲ್ಲಿ ಹರಿದ ತಲೆದಿಂಬು ಕಂಡದ್ದೇ, "ನನ್ನ ಕತ್ತರಿ ಎಲ್ಲೆ?" ಅಂದಳು. ನೀಲಾ ಡಬ್ಬಿ ಇಳಿಸಿ, ನನ್ನನ್ನು ತೆಗೆದು ನೆಲದ ಮೇಲಿಟ್ಟಳು.

"ನನ್ನ ಸೊಂಟ ಬಗ್ಗಂಗಿಲ್ಲ, ಮಾರಾಯ್ತಿ. ಕೈಯಾಗ ಕೊಡು."

"ಜಗಳ ಬರತೈತಿ, ಚಿಗವ್ವ."

"ನಾ ನೀ ಜಗಳಾಡಾಕ ಕತ್ತರಿ ಬೇರೆ ಬೇಕೇನ? ಅಂಗಡ್ಯಾಗ ದಿನಾ ಹತ್ತು ಮಂದಿ ಕೈಯಾಗ ಆಡಿಸೀನಿ. ಹಂಗ ಜಗಳ ಬರ್ತಿದ್ರ ಬೆಟಗೇರಿನ ಉಳೀತಿರಲಿಲ್ಲ."

ನೀಲಾ ನಗಲು ಹೋದಳು, ಅಳು ಬಂತು. "ತಪ್ಪು ಕತ್ತರಿದಲ್ಲ, ಚಿಗವ್ವ. ನಾನ ಜುಲ್ಲೂ ಹೆಸರು ಹಾಕಲಿಲ್ಲ," ಎಂದು ಎಲ್ಲ ಹೇಳಿದಳು.

ಈರವ್ವ ನನ್ನ ತಿರುಪಿಗೆ ಎಣ್ಣೆ ಬಿಡುತ್ತ ಕೇಳಿಸಿಕೊಂಡಳು. "ಹಂಗಾರ ಈಗ ಹಾಕು."

"ಈಗ ಹಾಕಿದ್ರ ಏನ್ ಬಂತು?"

"ತೋಳು ಉಲ್ಟಾ ಹಚ್ಚಿದ್ರ ಬಿಚ್ಚಿ ಹಚ್ಚತೀವಿ. ಗಿರಾಕಿ ಬೈತಾರ, ಬೈಸಿಕೋತೀವಿ. ಅದಕ್ಕಂತ ಜಂಪರ್ ಕೊಡದ ಇಟಗೊಳಾಕ ಬರತೈತೇನ?"

ಅಂದೇ ನೀಲಾ ಚಿತ್ರದ ಮೂಲೆಯಲ್ಲಿ ಎರಡು ಹೆಸರು ಹೊಲಿದಳು. ಜುಲೇಖಾಳದು ಮೊದಲು. ಹೊಲಿಗೆ ಸೊಟ್ಟಪಟ್ಟ. ಕೊನೆಯ ಗಂಟಿನ ದಾರವನ್ನು ನಾನೇ ಕತ್ತರಿಸಿದೆ. ಇಂಟರ್ನೆಟ್‌ನಲ್ಲೂ ಎರಡೂ ಹೆಸರು ಬಂದವು. ಆದರೆ ಬ್ಲಾಕ್ ಆದ ಕಡೆಗೆ ಅದು ಮುಟ್ಟುವ ದಾರಿಯಿರಲಿಲ್ಲ. ಅದಕ್ಕೇ ಹಳೆಯ ಕಾಗದ ಹರಿದು ಹೊಸದು ಬರೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿದಳು. ನಾನು ಉಸಿರು ಬಿಗಿಹಿಡಿದು ಕೇಳಿದೆ. "ಹೆಸರು ಬಿಟ್ಟದ್ದು ನಾನು. ನೆನಪಾದ ಮೇಲೂ ತಿದ್ದಲಿಲ್ಲ. ಚಿತ್ರ ನಿನ್ನ ಹತ್ತಿರ ಇರಲಿ. ಬೈಯಲಿಕ್ಕಾದರೂ ಒಮ್ಮೆ ಫೋನ್ ಮಾಡು." ಇಡೀ ಕಾಗದದಲ್ಲಿ ನನ್ನ ಸುದ್ದಿಯೇ ಇರಲಿಲ್ಲ. ನನ್ನ ಹೆಸರಿಲ್ಲವೆಂದು ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಚಿತ್ರವನ್ನೂ ಕಾಗದವನ್ನೂ ಬಟ್ಟೆಯಲ್ಲಿ ಸುತ್ತಿ ಹೊಲಿದಳು. ಆದರೂ ಕಟ್ಟು ಮೇಜಿನ ಮೇಲೆಯೇ ಕುಳಿತಿತ್ತು. ನಾಳೆ, ನಾಡಿದ್ದು ಎಂದು ದಿನಗಳು ಹೋದವು. ಇವತ್ತು ಹಾಲು ಉಕ್ಕಿತು, ಚಹಾ ಆಯಿತು. ಆಮೇಲೆ ನೀಲಾ ಕಟ್ಟನ್ನೂ ನನ್ನನ್ನೂ ಚೀಲಕ್ಕೆ ಹಾಕಿಕೊಂಡು ಅಂಚೆ ಕಚೇರಿಗೆ ನಡೆದಳು.

ಕಿಟಕಿಯ ಗುಮಾಸ್ತ ಕಟ್ಟನ್ನು ತಿರುಗಿಸಿ ನೋಡಿ, "ದಾರದ ತುದಿ ಜೋತಾಡಾಕತ್ತೈತಿ. ಕತ್ತರಿ ಐತೇನವಾ?" ಅಂದ.

ನೀಲಾ ನನ್ನನ್ನು ತೆಗೆದಳು. ನನ್ನನ್ನು ಅಲ್ಲಿಡಲೇ ಎಂಬಂತೆ ಒಂದು ಗಳಿಗೆ ಕಿಟಕಿಯ ಕಟ್ಟೆಯ ಕಡೆ ನೋಡಿದಳು. ಆಮೇಲೆ ನೇರವಾಗಿ ಅವನ ಕೈಗೇ ಕೊಟ್ಟಳು. ನನ್ನ ತಿರುಪು ಸಡಿಲಾಗಿದೆ, ಅಲಗು ಮೊಂಡಾಗಿದೆ. ಇನ್ನು ಹೊಸ ಬಟ್ಟೆ ನನ್ನ ಬಾಯಿಗೆ ಬರಲಾರದು. ಆದರೂ ಆ ದಾರವನ್ನು ಒಂದೇ ಸಲಕ್ಕೆ ಕತ್ತರಿಸಿದೆ. ಅವನು ನನ್ನನ್ನು ಅವಳ ಕೈಗೇ ತಿರುಗಿ ಕೊಟ್ಟ. ಕಟ್ಟಿನ ಮೇಲೆ ಠಪ್ ಎಂದು ಮುದ್ರೆ ಒತ್ತಿ, ರಾಯಚೂರಿನ ಚೀಲದೊಳಗೆ ಹಾಕಿದ.